ಹೂವಿನಲ್ಲಿ ತುಂಬಿಯ ಪಾಲು

॥ ಓಂ ನಮಃ ಶಿವಾಯ ॥
॥ ಶ್ರೀ ಮಲ್ಲಿಕಾರ್ಜುನ ಸ್ವಾಮಿ ಪ್ರಸನ್ನ ॥



ಶ್ರಾವಣ ಮಾಸ ಬಂತೆಂದರೆ ಮಸ್ಕಿಯ ಮಲ್ಲಯ್ಯನ ಬೆಟ್ಟಕ್ಕೆ ಸಿಂಧನೂರು, ಲಿಂಗಸುಗೂರು, ಮಾನ್ವಿ, ಕುಷ್ಟಗಿ ಕಡೆಯಿಂದ ಭಕ್ತರ ಸಾಲು ಹರಿದು ಬರುತ್ತದೆ. ಎರಡನೇ ಶ್ರೀಶೈಲವೆಂದು ಜನ ನಂಬಿ ನಡೆದುಕೊಳ್ಳುವ ಕ್ಷೇತ್ರವಿದು. ಕೈಯಲ್ಲಿ ಕಾಯಿ, ಕರ್ಪೂರ, ಊದಿನಕಡ್ಡಿ, ಪತ್ರಿ. ಬಾಯಲ್ಲಿ ಮಲ್ಲಯ್ಯನ ನಾಮ. ಹತ್ತುವವರ ಲಕ್ಷ್ಯವೆಲ್ಲ ಮೇಲಿನ ಗುಡಿಯ ಕಡೆಗೆ. ಹಾದಿಯ ಎರಡೂ ಬದಿಗೆ ಬಂಡೆಗಳ ಸಂದಿಯಲ್ಲಿ ಏನಿದೆ ಎಂದು ನೋಡುವವರು ಕಡಿಮೆ.

ಬೇಸಿಗೆಯಲ್ಲಿ ಕಾದು ಕೆಂಡವಾಗುವ ಈ ಗುಡ್ಡಗಳು ಎರಡು ಮಳೆ ಬಿದ್ದರೆ ಸಾಕು, ಹಸಿರಾಗುತ್ತವೆ. ತುಂಬೆ ಬೆಳ್ಳಗೆ ಅರಳುತ್ತದೆ. ತಂಗಡಿ, ಅಂದರೆ ಆವರಿಕೆ, ಹಳದಿ ಹೂ ಬಿಡುತ್ತದೆ. ಉತ್ತರಾಣಿ, ಎಕ್ಕೆ, ಮುಳ್ಳುಕಂಟಿ ಎಲ್ಲವೂ ಚಿಗುರುತ್ತವೆ. ಆ ಹೂಗಳ ಮೇಲೆ ಪಾತರಗಿತ್ತಿ, ಜೇನುಹುಳ, ದುಂಬಿ, ಕಣಜ, ಹೆಸರೇ ಗೊತ್ತಿಲ್ಲದ ಸಣ್ಣ ಸಣ್ಣ ಹುಳಗಳು. ಗುಡಿಯ ಗಂಟೆ ಬಾರಿಸುವ ಮೊದಲೇ ಅವುಗಳ ನಾದ ಶುರುವಾಗಿರುತ್ತದೆ.

ಅಜ್ಜಿ ಮತ್ತು ಮೊಮ್ಮಗ

ಒಂದು ಶ್ರಾವಣ ಸೋಮವಾರ ಸಿಂಧನೂರು ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬೆಟ್ಟ ಹತ್ತುತ್ತಿದ್ದಳು. ಹುಡುಗ ಹಾದಿಬದಿಯ ತುಂಬೆ ಗಿಡ ಕಂಡು ಹೂ ಹರಿಯಲು ಕೈ ಚಾಚಿದ. ಹೂವಿನಲ್ಲಿ ಒಂದು ಜೇನುಹುಳ ಕುಂತಿತ್ತು. ಅಂವ ಕೈ ಹಿಂದಕ್ಕೆ ತೆಗೆದ.

"ಅಜ್ಜಿ, ಈ ಹೂವು ಬ್ಯಾಡ. ಹುಳ ಬಾಯಿ ಹಚ್ಚೈತಿ. ಎಂಜಲಾದದ್ದು ದೇವರಿಗೆ ಹೆಂಗ ಏರಸೂದು?"

ಅಜ್ಜಿ ನಕ್ಕಳು. "ಹಂಗಾರ ಎಂಜಲ ಆಗದ ಹೂವು ಹುಡುಕಿ ತಾ, ನೋಡೂಣು."

ಹುಡುಗ ಹುಡುಕಿದ. ಒಂದು ಹೂವಿನ ಮೇಲೆ ಹಳದಿ ಪಾತರಗಿತ್ತಿ, ಇನ್ನೊಂದರ ಒಳಗೆ ಇರುವೆ, ಮತ್ತೊಂದರ ಮೇಲಿಂದ ಆಗಷ್ಟೇ ಜೇನು ಎದ್ದು ಹಾರಿತು. ಕೊನೆಗೆ ಒಂದು ಮೊಗ್ಗು ತಂದು ಕೊಟ್ಟ. "ಇದನ್ನ ಯಾವದೂ ಮುಟ್ಟಿಲ್ಲಜ್ಜಿ."

"ಇದು ಇನ್ನಾ ಕಣ್ಣು ತೆರದಿಲ್ಲೋ ತಮ್ಮ," ಅಂದಳು ಅಜ್ಜಿ. "ಕಣ್ಣು ತೆರೆದ ಹೂವಿಗೆ ಮೊದಲ ಬರಾವ ಹುಳನ. ಹುಳ ಮುಟ್ಟಿದರನ ಬೀಜ ಆಗೂದು. ಬೀಜ ಆದರನ ಮುಂದಿನ ಶ್ರಾವಣಕ್ಕ ನಿನಗ ಹೂವು ಸಿಗೂದು. ಅದು ತನ್ನ ಪೂಜಿ ಮುಗಿಸಿ ಹೋತು, ಈಗ ನಿನ್ನ ಪಾಳಿ."

ಓದು ಬರಹ ಬಾರದ ಆ ಅಜ್ಜಿ ಹೇಳಿದ ಮಾತಿನಲ್ಲಿ ಶರಣರ ವಿಚಾರವೇ ಅಡಗಿದೆ. ಹಾಲನ್ನು ಕರು ಮೊದಲು ಕುಡಿದಿರುತ್ತದೆ, ನೀರನ್ನು ಮೀನು ಮುಟ್ಟಿರುತ್ತದೆ, ಹೂವನ್ನು ತುಂಬಿ ಸವಿದಿರುತ್ತದೆ, ಹಾಗಿರುವಾಗ ಮಡಿ ಯಾವುದು, ಮೈಲಿಗೆ ಯಾವುದು ಎಂಬ ಪ್ರಶ್ನೆಯನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಎತ್ತಿದ್ದರು. ಆ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಉಂಟು. ತುಂಬಿ ಸವಿಯದೆ ಹೋದರೆ ಎಷ್ಟೋ ಗಿಡಗಳಲ್ಲಿ ಕಾಯಿಯೂ ಇಲ್ಲ, ಬೀಜವೂ ಇಲ್ಲ. ಒಂದು ಹೂವಿನ ಪರಾಗ ಇನ್ನೊಂದು ಹೂವಿಗೆ ತಲುಪಬೇಕು. ಗಿಡಕ್ಕೆ ಕಾಲಿಲ್ಲ, ಹುಳವೇ ಅದರ ಕಾಲು. ಭಕ್ತರು ಮಲ್ಲಯ್ಯನಿಗೆ ಏರಿಸುವ ಹೂವು ಹಾಗೆ ನೋಡಿದರೆ ಹುಳಗಳು ಕೊಟ್ಟ ಕಾಣಿಕೆಯೇ.

ಆರು ಕಾಲಿನ ಅಮ್ಮ

ಶ್ರೀಶೈಲದಲ್ಲಿ ಮಲ್ಲಿಕಾರ್ಜುನನ ಪಕ್ಕದಲ್ಲಿ ನೆಲೆಸಿರುವ ತಾಯಿಯ ಹೆಸರು ಭ್ರಮರಾಂಬೆ. ಭ್ರಮರ ಎಂದರೆ ದುಂಬಿ. ದುಂಬಿಯ ಹೆಸರು ಹೊತ್ತ ಅಮ್ಮ ಅವಳು. ಶ್ರೀಶೈಲದಲ್ಲಿ ದೇವಿಯ ಗರ್ಭಗುಡಿಯ ಹಿಂದಿನ ಗೋಡೆಯ ರಂಧ್ರಕ್ಕೆ ಕಿವಿಗೊಟ್ಟರೆ ಭ್ರಮರನಾದ ಕೇಳಿಸುತ್ತದೆ ಎಂಬ ನಂಬಿಕೆ ಇಂದಿಗೂ ಇದೆ.

ಈ ಹೆಸರು ಬಂದ ಕಥೆ ದೇವೀ ಭಾಗವತದಲ್ಲಿ ಬರುತ್ತದೆ. ಅರುಣನೆಂಬ ದೈತ್ಯ ಘೋರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ. ಯುದ್ಧದಲ್ಲಿ ಸಾವು ಬರಬಾರದು, ಶಸ್ತ್ರಾಸ್ತ್ರದಿಂದ ಬರಬಾರದು, ಗಂಡಿನಿಂದ ಬರಬಾರದು, ಹೆಣ್ಣಿನಿಂದ ಬರಬಾರದು, ಎರಡು ಕಾಲಿನವರಿಂದಾಗಲಿ ನಾಲ್ಕು ಕಾಲಿನವುಗಳಿಂದಾಗಲಿ ಬರಬಾರದು. ಎಲ್ಲವನ್ನೂ ಲೆಕ್ಕ ಹಾಕಿ ಕೇಳಿದ್ದ. ಆದರೆ ಆರು ಕಾಲಿನ ಹುಳ ಅವನ ಲೆಕ್ಕಕ್ಕೆ ಬರಲಿಲ್ಲ. ಅಷ್ಟು ಸಣ್ಣದು ತನಗೇನು ಮಾಡೀತು ಎಂಬ ಸೊಕ್ಕು. ಮೂರು ಲೋಕ ತತ್ತರಿಸಿದಾಗ ದೇವಿ ಅಸಂಖ್ಯ ಭ್ರಮರಗಳೊಡನೆ ಪ್ರಕಟಳಾದಳು. ದೈತ್ಯನ ಸೈನ್ಯ ಕತ್ತಿ ಎತ್ತಲೂ ಆಗದೆ ನೆಲಕ್ಕೆ ಬಿತ್ತು. ಏಳುನೂರು ಶ್ಲೋಕಗಳ ದೇವೀ ಮಹಾತ್ಮೆಯ ಹನ್ನೊಂದನೆಯ ಅಧ್ಯಾಯದಲ್ಲಿಯೂ ತಾಯಿ ತಾನು ಭ್ರಾಮರಿಯಾಗಿ ಬರುವೆನೆಂದು ದೇವತೆಗಳಿಗೆ ಮಾತು ಕೊಡುತ್ತಾಳೆ. ಕರಾವಳಿಯ ಕಟೀಲು ಕ್ಷೇತ್ರದ ಮಹಿಮೆಯೂ ಇದೇ ಅರುಣಾಸುರನ ಕಥೆಗೆ ಸೇರಿದ್ದು.

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತ ಅಂಬಾಮಠ ಎಲ್ಲರಿಗೂ ಗೊತ್ತಿದ್ದದ್ದೇ. ಬನದ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ. ಚಿದಾನಂದ ಅವಧೂತರು ದೇವಿಯ ಪುರಾಣವನ್ನು ಕನ್ನಡದಲ್ಲಿ ಬರೆದದ್ದು ಆ ಪರ್ವತದಲ್ಲಿ. ನವರಾತ್ರಿ ಬಂದರೆ ಈ ಸೀಮೆಯ ಊರೂರಲ್ಲಿ ದೇವಿ ಪುರಾಣ ಹಚ್ಚುತ್ತಾರೆ. ಹೆಣ್ಣುಮಕ್ಕಳು ಒಂಬತ್ತು ದಿನ ಭಕ್ತಿಯಿಂದ ಕೇಳುತ್ತಾರೆ. ಕೇಳಿದ ಮೇಲೆ ಮನೆಯ ಹಿತ್ತಲಿನಲ್ಲಿ ಜೇನು ಕಟ್ಟಿದ್ದು ಕಂಡರೆ ಸೀಮೆಎಣ್ಣೆ ಬಟ್ಟೆ ಸುತ್ತಿ ಬೆಂಕಿ ಹಚ್ಚುವವರೂ ಇದ್ದಾರೆ. ಅಮ್ಮನ ಪುರಾಣ ಕೇಳಿ ಅಮ್ಮನ ಪರಿವಾರವನ್ನು ಸುಟ್ಟರೆ ಆ ಶ್ರವಣಕ್ಕೆ ಫಲವೇನು?

ಸಂಸ್ಕೃತದಲ್ಲಿ ದುಂಬಿಗೆ ಷಟ್ಪದ ಎಂದು ಹೆಸರು, ಆರು ಕಾಲಿನದು ಎಂದರ್ಥ. ಕನ್ನಡದ ಕವಿಗಳು ಆರು ಸಾಲಿನ ಪದ್ಯವನ್ನೂ ಷಟ್ಪದಿ ಎಂದೇ ಕರೆದರು. ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತ ಶ್ರೀಶೈಲದ ಕಡೆ ನಡೆದಾಗ ಕಾಡಿನಲ್ಲಿ ಯಾರನ್ನು ಕೇಳಿದಳು? ದುಂಬಿಗಳ ಹಿಂಡನ್ನು ಕೇಳಿದಳು, ಮಾವಿನ ಮರವನ್ನು ಕೇಳಿದಳು, ಕೋಗಿಲೆಯನ್ನು ಕೇಳಿದಳು. ಅವಕ್ಕೆ ದೇವರ ಹಾದಿ ಗೊತ್ತಿರುತ್ತದೆ ಎಂಬ ನಂಬಿಕೆ ಅಕ್ಕನಿಗಿತ್ತು.

ಹುಳ ಕಲಿಸುವ ಪಾಠ

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಒಬ್ಬ ಅವಧೂತ ಯದುರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಹೇಳುತ್ತಾನೆ. ಅದರಲ್ಲಿ ಜೇನುಹುಳ ಇದೆ, ದೀಪಕ್ಕೆ ಬೀಳುವ ಪತಂಗ ಇದೆ, ಕಣಜ ಇದೆ. ಜೇನು ಒಂದೊಂದು ಹೂವಿನಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತದೆ, ಹೂವಿಗೆ ನೋವು ಮಾಡುವುದಿಲ್ಲ. ಬದುಕುವವರೂ ಹಾಗೇ ಬದುಕಬೇಕು ಎಂದು ಅವಧೂತನ ಬೋಧೆ.

ಇದನ್ನು ಶರಣರ ಮಾತಿನಲ್ಲಿ ಹೇಳಿದರೆ ಕಾಯಕ, ದಾಸೋಹ. ಒಂದು ಜೇನುಹುಳ ದುಡಿಮೆಯ ದಿನಗಳಲ್ಲಿ ಬದುಕುವುದು ಸುಮಾರು ಆರು ವಾರ. ಅಷ್ಟರಲ್ಲಿ ಅದು ಕೂಡಿಸುವ ತುಪ್ಪ ಒಂದು ಸಣ್ಣ ಚಮಚೆಯ ಹನ್ನೆರಡನೆಯ ಒಂದು ಪಾಲು ಎಂದು ಅಂದಾಜು. ಅಷ್ಟನ್ನೂ ತನಗೆಂದು ಇಟ್ಟುಕೊಳ್ಳುವುದಿಲ್ಲ. ಹೂವಿನ ಜಾಗ ಕಂಡ ಹುಳ ಒಂದೇ ತಿಂದು ಸುಮ್ಮನಾಗುವುದಿಲ್ಲ. ಹುಟ್ಟಿಗೆ ಬಂದು ಕುಣಿದು, ಯಾವ ದಿಕ್ಕು, ಎಷ್ಟು ದೂರ ಎಂದು ಉಳಿದವಕ್ಕೆ ತಿಳಿಸುತ್ತದೆ. ಈ ಕುಣಿತದ ಗುಟ್ಟನ್ನು ಬಿಡಿಸಿದ ಕಾರ್ಲ್ ವಾನ್ ಫ್ರಿಶ್ ಎಂಬ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಊಟದ ಸುದ್ದಿ ಹಂಚಿಕೊಳ್ಳುವ ಗುಣ ಹುಳಕ್ಕಿದೆ. ಮನುಷ್ಯನಿಗೆ ಅದು ಕಷ್ಟವಾಗುತ್ತಿದೆ.

ಬೆಟ್ಟದ ಎಕ್ಕೆ ಗಿಡದ ಹತ್ತಿರ ಒಂದು ಗಳಿಗೆ ನಿಂತು ನೋಡಬೇಕು. ಎಕ್ಕೆಯ ಹಾಲು ವಿಷ, ದನ ಕುರಿ ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳ ಅದೇ ಎಲೆಯನ್ನು ತಿಂದು ಬೆಳೆಯುತ್ತದೆ. ಆ ವಿಷವನ್ನು ಮೈಯಲ್ಲೇ ಧರಿಸಿಕೊಂಡು, ಕೆಲ ದಿನ ಕೋಶದಲ್ಲಿದ್ದು, ಕೇಸರಿ ಬಣ್ಣದ ಪಾತರಗಿತ್ತಿಯಾಗಿ ಹೊರಬರುತ್ತದೆ. ಹಕ್ಕಿಗಳು ಅದರ ರುಚಿ ಒಮ್ಮೆ ನೋಡಿದರೆ ಮತ್ತೆ ಮುಟ್ಟಲು ಹಿಂಜರಿಯುತ್ತವೆ. ಅದಕ್ಕೇ ಅದು ಅವಸರವಿಲ್ಲದೆ ಹಾರುತ್ತದೆ. ವಿಷ ಕುಡಿದು ಲೋಕ ಕಾಯ್ದ ನೀಲಕಂಠನಿಗೆ ಎಕ್ಕೆ ಹೂವು ಪ್ರಿಯವೆಂದು ಏರಿಸುವವರು ಎಕ್ಕೆಯ ಈ ಹುಳದಲ್ಲೂ ಅವನ ಗುಣ ಕಾಣಬಹುದು.

ಶಿವನಿಗೆ ಪ್ರಿಯವಾದ ಬಿಲ್ವಪತ್ರೆಯ ಮೇಲೂ ಒಂದು ಪಾತರಗಿತ್ತಿ ಮೊಟ್ಟೆ ಇಡುತ್ತದೆ. ನಿಂಬೆ ಗಿಡಕ್ಕೂ ಬರುವ, ಕಪ್ಪು ಮೈಯ ಮೇಲೆ ತಿಳಿ ಹಳದಿ ಚುಕ್ಕೆಯ ಪಾತರಗಿತ್ತಿ ಅದು. ಮರಿ ಇದ್ದಾಗ ಅದರ ಹುಳ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ದೊಡ್ಡದಾದ ಮೇಲೆ ಎಲೆಯಷ್ಟೇ ಹಸಿರು. ಪತ್ರಿ ಹರಿಯುವಾಗ ಅಂಥ ಹುಳ ಕಂಡರೆ ಹೊಸಕಿ ಹಾಕದೆ, ಆ ಟೊಂಗೆ ಬಿಟ್ಟು ಬೇರೆ ಟೊಂಗೆಯ ಪತ್ರಿ ಹರಿದರೆ ಪೂಜೆಗೆ ಏನೂ ಕೊರತೆಯಾಗುವುದಿಲ್ಲ.

ಪತಂಗದ ಪಾಠವನ್ನು ಎಲ್ಲರೂ ಕೇಳಿದ್ದಾರೆ. ರೂಪದ ಮೋಹಕ್ಕೆ ಬಿದ್ದು ದೀಪದಲ್ಲಿ ಸುಟ್ಟುಹೋಗುತ್ತದೆ ಎಂದು ಹಿರಿಯರು ಹೇಳಿದರು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ಹೊಸ ಅರ್ಥ ಕೊಟ್ಟಿದೆ. ಹಾರುವ ಹುಳಗಳು ಬೆಳಕಿನ ಕಡೆ ಬೆನ್ನು ಮಾಡುತ್ತವೆ. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳಕು, ಬೆಳಕಿದ್ದ ಕಡೆ ಮೇಲು ಎಂದು ಅವಕ್ಕೆ ಹುಟ್ಟಿನಿಂದ ತಿಳಿದಿದೆ. ಹತ್ತಿರದಲ್ಲಿ ಒಂದು ದೀಪ ಉರಿದರೆ ಅದನ್ನೇ ಆಕಾಶವೆಂದು ಬಗೆದು ದಿಕ್ಕು ತಪ್ಪಿ ಸುತ್ತುತ್ತವೆ. ಸಣ್ಣ ಬೆಳಕನ್ನು ಆಕಾಶವೆಂದು ನಂಬಿ ಅದನ್ನೇ ಸುತ್ತಿ ಸುತ್ತಿ ಸೋಲುವುದು ಹುಳಕ್ಕಷ್ಟೇ ಆಗುವ ತಪ್ಪಲ್ಲ. ಹಣ, ಕುರ್ಚಿ, ಹೆಸರು ಎಂದು ಸುತ್ತುವವರು ತಮ್ಮನ್ನೇ ಕೇಳಿಕೊಳ್ಳಲಿ.

ಹಿಂತಿರುಗದ ಯಾತ್ರಿಕ

ಮಳೆಗಾಲದ ಸಂಜೆ ಬೆಟ್ಟದ ಮೇಲೆ ಗಾಳಿಯಲ್ಲಿ ತೇಲುತ್ತ ಹಿಂಡು ಹಿಂಡಾಗಿ ಹಾರುವ ಡ್ರ್ಯಾಗನ್‌ಫ್ಲೈಗಳನ್ನು ಹುಡುಗರು ಹೆಲಿಕಾಪ್ಟರ್ ಎಂದು ಕೂಗಿ ಬೆನ್ನಟ್ಟುತ್ತಾರೆ. ಬಾಲಕ್ಕೆ ದಾರ ಕಟ್ಟಿ ಆಡುತ್ತಾರೆ. ಅವುಗಳಲ್ಲಿ ಹಳದಿ ಮೈಯ ಒಂದು ಜಾತಿ ಇದೆ. ಅದು ಮಳೆಯ ಜೊತೆಗೇ ಸಂಚಾರ ಮಾಡುತ್ತದೆ, ಮಳೆ ನಿಂತ ಗುಂಡಿಯಲ್ಲಿ ಮೊಟ್ಟೆ ಇಡುತ್ತದೆ. ಮುಂಗಾರು ಮುಗಿದ ಮೇಲೆ ಗಾಳಿಯ ಸಹಾಯದಿಂದ ಭಾರತದ ಕಡೆಯಿಂದ ಮಾಲ್ದೀವ್ಸ್ ದಾಟಿ, ಸಮುದ್ರದ ಮೇಲೆಯೇ ಸಾವಿರಾರು ಕಿಲೋಮೀಟರ್ ಹಾರಿ ಆಫ್ರಿಕಾ ಸೇರುತ್ತದೆ ಎಂದು ಮಾಲ್ದೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ಬರೆದರು. ಹೋದ ಹುಳ ತಿರುಗಿ ಬರುವುದಿಲ್ಲ. ಅದರ ಮಕ್ಕಳು, ಮೊಮ್ಮಕ್ಕಳು ಮತ್ತೆ ಮಳೆಯೊಡನೆ ಈ ಕಡೆ ಬರುತ್ತವೆ. ಅಜ್ಜಿ ಹತ್ತಿದ ಬೆಟ್ಟವನ್ನು ಮೊಮ್ಮಗ ಹತ್ತುವ ಹಾಗೆ, ಯಾತ್ರೆ ಮುಂದುವರಿಯುತ್ತದೆ. ಅಷ್ಟು ದೂರದ ಯಾತ್ರಿಕನ ಬಾಲಕ್ಕೆ ದಾರ ಕಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕೆಲಸ.

ಮಸ್ಕಿಯ ಬಂಡೆ ಹೇಳುವ ಮಾತು

ಮಸ್ಕಿಗೆ ಬಂದವರು ಅಶೋಕನ ಶಾಸನ ನೋಡದೆ ಹೋಗಬಾರದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಕಣ್ಣಿಗೆ ಬಿದ್ದ ಆ ಬಂಡೆಯಿಂದಲೇ, ದೇವಾನಾಂಪ್ರಿಯ ಎಂದು ಶಾಸನಗಳಲ್ಲಿ ಕರೆದುಕೊಂಡ ದೊರೆ ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ಆ ಶಾಸನದ ತಿರುಳು ಸರಳ. ಧರ್ಮದಿಂದ ಸಿಗುವ ಎತ್ತರ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಶ್ರದ್ಧೆಯಿದ್ದರೆ ಸಣ್ಣವರೂ ಅದನ್ನು ಮುಟ್ಟಬಲ್ಲರು ಎಂದು ದೊರೆ ಸಾರಿದ್ದಾನೆ.

ಅದೇ ಅಶೋಕ ಪಟ್ಟವೇರಿ ಇಪ್ಪತ್ತಾರು ವರ್ಷಗಳಾದ ಮೇಲೆ ಇನ್ನೊಂದು ಆಜ್ಞೆ ಹೊರಡಿಸಿದ. ಅದು ಇಂದು ದೆಹಲಿಯಲ್ಲಿರುವ ಕಂಬದ ಮೇಲೆ ಕೆತ್ತಿದೆ. ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕ, ಬಾವಲಿ ಇವುಗಳನ್ನು ಹೆಸರಿಸಿದ. ಮುಂದೆ, ಒಳಗೆ ಜೀವವಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು ಎಂದೂ ವಿಧಿಸಿದ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಹೊಟ್ಟಿನೊಳಗಿನ ಹುಳವನ್ನು ನೆನೆದ. ಈಗ ಭತ್ತದ ಕಟಾವು ಮುಗಿದ ಮೇಲೆ ಗದ್ದೆ ಗದ್ದೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚುವಾಗ ಆ ಮಾತು ನೆನಪಿಗೆ ಬರಬೇಕು. ಬೆಂಕಿಯಲ್ಲಿ ಹುಳ ಸಾಯುತ್ತವೆ, ಮಣ್ಣಿನ ಸತ್ವವೂ ಸಾಯುತ್ತದೆ, ದನಕ್ಕೆ ಆಗಬಹುದಾದ ಮೇವೂ ಬೂದಿಯಾಗುತ್ತದೆ.

ಹೊಲದ ಕಷ್ಟ, ಹೊಲದ ಧರ್ಮ

ಇಳಿಯುವಾಗ ಆ ಹುಡುಗ ಅಜ್ಜಿಯನ್ನು ಮತ್ತೊಂದು ಮಾತು ಕೇಳಿದ. "ಅಜ್ಜಿ, ಅಪ್ಪ ಹೊಲಕ್ಕ ಎಣ್ಣಿ ಹೊಡದಾಗ ಈ ಹುಳ ಎಲ್ಲಿಗೆ ಹೋಗ್ತಾವ?"

ಅಜ್ಜಿಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ನಾಲ್ಕು ಮೆಟ್ಟಿಲು ಇಳಿದಳು.

ಈ ಪ್ರಶ್ನೆಗೆ ರೈತನನ್ನು ಬೈದು ಉತ್ತರ ಕೊಡುವುದು ಸುಲಭ, ಆದರೆ ನ್ಯಾಯವಲ್ಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಸಜ್ಜೆಯ ನೆಲದಲ್ಲಿ ಭತ್ತ ಬಂತು. ಭತ್ತದ ಜೊತೆ ಸಾಲವೂ ಬಂತು, ರೋಗವೂ ಬಂತು. ಬೆಳೆ ಕೈಗೆ ಬಾರದಿದ್ದರೆ ಮಗಳ ಮದುವೆ ನಿಲ್ಲುತ್ತದೆ. ಹೆದರಿದ ರೈತ ಒಂದು ಡಬ್ಬಿ ಹೊಡೆಯುವಲ್ಲಿ ಎರಡು ಹೊಡೆಯುತ್ತಾನೆ.

ಆದರೆ ಹೆಚ್ಚು ಹೊಡೆದರೆ ಹೆಚ್ಚು ಬೆಳೆ ಎಂಬುದು ಸತ್ಯವಲ್ಲ. ಭತ್ತಕ್ಕೆ ಬೀಳುವ ಕಂದು ಜಿಗಿಹುಳುವನ್ನು ಜೇಡ ತಿನ್ನುತ್ತದೆ, ಡ್ರ್ಯಾಗನ್‌ಫ್ಲೈ ತಿನ್ನುತ್ತದೆ. ಡ್ರ್ಯಾಗನ್‌ಫ್ಲೈ ಮರಿ ನೀರಿನಲ್ಲಿದ್ದು ಸೊಳ್ಳೆಯ ಮರಿಯನ್ನೂ ತಿನ್ನುತ್ತದೆ. ವಿವೇಚನೆಯಿಲ್ಲದೆ ಔಷಧಿ ಹೊಡೆದರೆ ಮೊದಲು ಸಾಯುವುದು ಈ ಕಾವಲುಗಾರರು. ಜಿಗಿಹುಳು ಮತ್ತೆ ಎದ್ದು ಬರುತ್ತದೆ, ಆಗ ತಡೆಯುವವರು ಯಾರೂ ಇರುವುದಿಲ್ಲ. ಇದನ್ನು ಕಂಡುಕೊಂಡೇ ಇಂಡೊನೇಷ್ಯಾ ದೇಶ 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಔಷಧಿಗಳನ್ನು ನಿಷೇಧಿಸಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಮನುಷ್ಯರನ್ನೇ ನರಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಹುಳಕ್ಕೆಂದು ಹೊಡೆದದ್ದು ಹುಳದಲ್ಲೇ ನಿಲ್ಲುವುದಿಲ್ಲ.

ಸೂರ್ಯಕಾಂತಿ ಬೆಳೆದವರಿಗೆ ಇನ್ನೊಂದು ಅನುಭವ ಇರುತ್ತದೆ. ಹೂವು ಅಗಲವಾಗಿ ಅರಳಿರುತ್ತದೆ, ಬಡಿದು ನೋಡಿದರೆ ಕಾಳು ಜೊಳ್ಳು. ಗೊಬ್ಬರ ಕಡಿಮೆಯಾಯಿತೇ, ನೀರು ಕಡಿಮೆಯಾಯಿತೇ ಎಂದು ಹುಡುಕುತ್ತಾರೆ. ಎಷ್ಟೋ ಸಲ ಕಡಿಮೆಯಾದದ್ದು ಜೇನುಹುಳ. ಹೂವಿದ್ದಾಗ ಬೆಳಗ್ಗೆ ಎಣ್ಣೆ ಹೊಡೆದವರ ಹೊಲಕ್ಕೆ ಅವು ಬರುವುದಿಲ್ಲ, ಬಂದವು ಉಳಿಯುವುದಿಲ್ಲ. ತನ್ನ ಸೊಕ್ಕಿನಿಂದ ಆರು ಕಾಲಿನವನ್ನು ಲೆಕ್ಕಕ್ಕೆ ಹಿಡಿಯದ ಅರುಣಾಸುರನ ತಪ್ಪೇ ಇಲ್ಲಿಯೂ ನಡೆಯುತ್ತಿದೆ. ಆ ದಿನ ಅವು ಬಂದು ಕೊಂದವು. ಈಗ ಬಾರದೆ ಹೋದರೆ ಸಾಕು, ಹೊಲ ಬರಿದಾಗುತ್ತದೆ.

ಭಕ್ತರು ಪಾಲಿಸಬೇಕಾದ ನೇಮ

ಬೆಟ್ಟಕ್ಕೆ ಬಂದ ಭಕ್ತರು ಈ ಕೆಲವನ್ನು ಹರಕೆಯಂತೆ ಹಿಡಿದರೆ ಮಲ್ಲಯ್ಯ ಮೆಚ್ಚದೆ ಇರುವುದಿಲ್ಲ.

ತುಂಬೆ ಹೂವು ಬೇಕೆಂದು ಗಿಡವನ್ನೇ ಕಿತ್ತು ತರಬೇಡಿ. ಒಂದು ಹಿಡಿ ಹೂವು ಸಾಕು, ಅರ್ಧ ಹೂವು ಗಿಡದಲ್ಲಿ ಬಿಡಿ, ಅದು ತುಂಬಿಯ ಪಾಲು, ಬರುವ ವರ್ಷದ ಭಕ್ತನ ಪಾಲು.

ಬಂಡೆಗೆ ಹೆಜ್ಜೇನು ಕಟ್ಟಿದ್ದು ಕಂಡರೆ ಕಲ್ಲು ಹೊಡೆಯಬೇಡಿ, ಹತ್ತಿರದಲ್ಲಿ ಪಟಾಕಿ ಹಾರಿಸಬೇಡಿ, ಹೊಗೆ ಹಾಕಬೇಡಿ. ಒಬ್ಬ ಹುಡುಗ ಮಾಡಿದ ಕಿಡಿಗೇಡಿತನಕ್ಕೆ ವಯಸ್ಸಾದವರು, ಕೂಸುಗಳು ಕಚ್ಚಿಸಿಕೊಳ್ಳುತ್ತಾರೆ.

ಕರ್ಪೂರ, ಕಡ್ಡಿ ಹಚ್ಚುವುದು ಗುಡಿಯ ಮುಂದೆ ಮಾತ್ರ. ಒಣಹುಲ್ಲಿಗೆ ಕಿಡಿ ಬಿದ್ದರೆ ಇಡೀ ಗುಡ್ಡದ ಮೊಟ್ಟೆ ಮರಿಗಳು ಬೂದಿಯಾಗುತ್ತವೆ.

ಪ್ಲಾಸ್ಟಿಕ್ ಚೀಲ, ನೀರಿನ ಪಾಕೀಟು ಬೆಟ್ಟದ ಮೇಲೆ ಬಿಡದೆ ಕೆಳಗೆ ತನ್ನಿ.

ಊರಿಗೆ ಹೋದ ಮೇಲೆ ಹೂ ಬಿಟ್ಟ ಬೆಳೆಗೆ ಎಣ್ಣೆ ಹೊಡೆಯುವುದನ್ನು ಆದಷ್ಟು ತಪ್ಪಿಸಿ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಬದುವಿನ ಮೇಲಿನ ಕಾಡುಹೂವಿನ ಗಿಡಗಳನ್ನು ಕಳೆ ಎಂದು ಪೂರಾ ತೆಗೆಯದೆ ಒಂದು ಸಾಲು ಬಿಡಿ.

ಇದರಲ್ಲಿ ಯಾವುದಕ್ಕೂ ಖರ್ಚಿಲ್ಲ. ದಯೆಯ ಹೊರತು ಧರ್ಮಕ್ಕೆ ಬೇರೆ ಬೇರಿಲ್ಲ ಎಂದು ಬಸವಾದಿ ಶರಣರು ನಡೆದು ತೋರಿಸಿದ ಹಾದಿ ಇದು.

ಆ ಅಜ್ಜಿ ಅಂದು ರಾತ್ರಿ ಮಗನಿಗೆ ಪ್ರಸಾದ ಕೊಡುವಾಗ ಮೊಮ್ಮಗ ಕೇಳಿದ ಮಾತನ್ನು ಹಾಗೆಯೇ ಹೇಳಿದಳು. ಮಗನೂ ತಕ್ಷಣ ಏನೂ ಅನ್ನಲಿಲ್ಲ. ಪ್ರಸಾದದ ತುಂಬೆ ಹೂವನ್ನು ಕಣ್ಣಿಗೆ ಒತ್ತಿಕೊಂಡು, "ಹತ್ತಿ ಹೂ ಬಿಟ್ಟೈತವ್ವ. ನಾಳಿ ಮುಂಜಾನಿ ಹೊಡಿಬೇಕಂತ ಮಾಡಿದ್ದೆ. ಹುಳ ಎಷ್ಟೈತಿ ಮೊದಲ ನೋಡ್ತೀನಿ. ಬೇಕಾದರ ಸಂಜೀಕ ಹೊಡಿತೀನಿ," ಅಂದ.

ಬೆಟ್ಟದ ಮೇಲೆ ಸಲ್ಲಿಸಿದ ಪೂಜೆ ಹೊಲಕ್ಕೆ ತಲುಪಿದ್ದು ಹೀಗೆ. ಭ್ರಮರಾಂಬಾ ಸಮೇತ ಮಲ್ಲಿಕಾರ್ಜುನನು ಆರು ಕಾಲಿನ ಜೀವಕ್ಕೂ ಎರಡು ಕಾಲಿನ ಜೀವಕ್ಕೂ ಮಳೆ ಬೆಳೆ ಕೊಟ್ಟು ಕಾಪಾಡಲಿ.

॥ ಸರ್ವೇ ಜನಾಃ ಸುಖಿನೋ ಭವಂತು ॥
॥ ಮಂಗಳಂ ॥